ಆಯಿಯ ದೃಷ್ಟಿಬೊಟ್ಟು

ಈ ಕಡೆ ತಲೆ ಹಾಕಿ ಆರು ತಿಂಗಳ ಮೇಲಾಯ್ತು. ಬರೆಯೋಕೆ ವಿಷಯ ಇರಲಿಲ್ಲ ಅಂತಲ್ಲ. ರಿಲೀಸು, ಬಗ್ಗು, ರಾತ್ರಿ ಹನ್ನೊಂದರ ಮೀಟಿಂಗು ಅಂತ ದಿನಗಳು ಹಾಗೇ ಕಳೆದುಹೋದ್ವು. ದೀಪಾವಳಿಗೆ ಊರಿಗೆ ಹೋಗಿ ಬಂದಾಗಿನಿಂದ ಮಾತ್ರ ಒಂದು ವಿಷಯ ತಲೆಯಿಂದ ಇಳೀತಾನೇ ಇಲ್ಲ. ಬರೆದರಾದ್ರೂ ಇಳಿಯುತ್ತೇನೋ ಅಂತ ಕೂತಿದ್ದೀನಿ.

ನಮ್ಮೂರು ಸಾಂಬ್ರಾ. ನೀವು ಬೆಳಗಾವಿಗೆ ವಿಮಾನದಲ್ಲಿ ಬಂದಿದ್ರೆ ಇಳಿದಿರೋದು ನಮ್ಮೂರಲ್ಲೇ. ಹೆಸರು ಮಾತ್ರ ಬೆಳಗಾವಿಗೆ :) ಒಂದು ಕಡೆ ವಿಮಾನ ನಿಲ್ದಾಣ, ಅದರ ಪಕ್ಕ ವಾಯುಪಡೆಯವರ ತರಬೇತಿ ಶಾಲೆ, ಉಳಿದದ್ದೆಲ್ಲ ಹೊಲ. ನಮ್ಮ ಆಯಿ (ನಮ್ಮ ಮನೆಯಲ್ಲಿ ಅಜ್ಜಿಗೆ ಆಯಿ ಅಂತೀವಿ) ಮದುವೆಯಾಗಿ ಬಂದಾಗಿನಿಂದ ಮೊಣಕಾಲು ಸೋಲುವವರೆಗೂ ಆ ಹೊಲದ ಬಿಸಿಲಲ್ಲೇ ದುಡಿದವಳು. ಸೆರಗೇ ಅವಳ ಕೊಡೆ.

ಈ ದೀಪಾವಳಿಗೆ ಮನೆಯಲ್ಲಿ ಪಟಾಕಿಗಿಂತ ಜೋರಾಗಿ ಸಿಡಿದದ್ದು ಅಕ್ಕನ ಸುದ್ದಿ. ಅಕ್ಕ ಅಂದ್ರೆ ಕಾಕಾನ ಮಗಳು. ಎಂಬಿಬಿಎಸ್ ಐದೂವರೆ ವರ್ಷ, ಆಮೇಲೆ ಚರ್ಮರೋಗದಲ್ಲಿ ಎಂಡಿ ಮೂರು ವರ್ಷ, ಅದರ ಮೇಲೆ ಸೀನಿಯರ್ ರೆಸಿಡೆಂಟ್ ಕೆಲಸ. ಇನ್ನೇನು, ಬೆಳಗಾವಿಯಲ್ಲಿ ಒಂದು ಲೇಸರ್ ಮಷೀನ್ ಹಾಕಿಕೊಂಡು ಕ್ಲಿನಿಕ್ ತೆಗೀತಾಳೆ ಅಂತ ಕಾಕಾ ಜಾಗ ಕೂಡ ನೋಡಿ ಇಟ್ಟಿದ್ದ. ಲಕ್ಷ್ಮೀಪೂಜೆ ಮುಗಿದು ಎಲ್ಲರೂ ಊಟಕ್ಕೆ ಕೂತಾಗ ಅಕ್ಕ ಮೆಲ್ಲಗೆ ಹೇಳಿದಳು, "ನಾ ಈಗ ಕ್ಲಿನಿಕ್ ತೆಗ್ಯಾಂಗಿಲ್ಲ. ಇನ್ನೂ ಒಂದ್ ವರ್ಷ ಫೆಲೋಶಿಪ್ ಮಾಡ್ತೀನಿ. ಚರ್ಮದ ಕ್ಯಾನ್ಸರಿನ ಸರ್ಜರಿ ಕಲೀತೀನಿ."

ಕಾಕಾ ತುತ್ತು ಕೈಯಲ್ಲೇ ಹಿಡಿದು ಕೂತುಬಿಟ್ಟ. "ಇನ್ನೂ ಕಲಿಯೂದೈತೇನ? ನಮ್ಮ ಕಡೆ ಯಾರಿಗೆ ಬರ್ತೈತಿ ಆ ಕ್ಯಾನ್ಸರ್?"

ಯಾರೂ ಮಾತಾಡಲಿಲ್ಲ. ಎಲ್ಲರೂ ಒಂದೇ ಕಡೆ ನೋಡಿದ್ವಿ. ಕಟ್ಟೆಯ ಮೇಲೆ ಕೂತು ಅನ್ನಕ್ಕೆ ಸಾರು ಕಲಸುತ್ತಿದ್ದ ಆಯಿಯ ಕಡೆ.

*

2016ರಲ್ಲಿ ಇರಬೇಕು. ಆಯಿಯ ಮೂಗಿನ ಬಲಗಡೆ, ಕಣ್ಣಿನ ಮೂಲೆಯ ಹತ್ತಿರ ಒಂದು ಕರೀ ಚುಕ್ಕೆ ಕಾಣಿಸಿಕೊಂಡಿತ್ತು. ಎಳ್ಳಿನಷ್ಟು. ಮಿರಮಿರ ಮಿಂಚೋದು, ಕರೀಮಣಿ ಅಂಟಿಸಿದ ಹಾಗೆ. "ದೇವ್ರ ಇಟ್ಟ ದೃಷ್ಟಿಬೊಟ್ಟು, ಈ ವಯಸ್ಸಿನ್ಯಾಗ ನಂಗ್ಯಾರ್ ದೃಷ್ಟಿ ಹಾಕ್ತಾರೋ" ಅಂತ ಆಯಿ ತಾನೇ ನಗ್ತಿದ್ದಳು. ನಾವೂ ನಗ್ತಿದ್ವಿ. ಅದು ಮೆಲ್ಲಗೆ ಜೋಳದ ಕಾಳಿನಷ್ಟಾಯ್ತು. ಮುಖ ತೊಳೆಯುವಾಗ ಒಮ್ಮೊಮ್ಮೆ ರಕ್ತ ಬರೋದು, ಹೆಪ್ಪಳಿಕೆ ಕಟ್ಟೋದು, ಉದುರೋದು, ವಾಸಿಯಾಯ್ತು ಅನ್ನುವಷ್ಟರಲ್ಲಿ ಮತ್ತೆ ರಕ್ತ. ನೋವಿಲ್ಲ. ನೋವಿಲ್ಲದ್ದಕ್ಕೆ ನಮ್ಮ ಕಡೆ ಯಾರು ಆಸ್ಪತ್ರೆಗೆ ಹೋಗ್ತಾರೆ ಹೇಳಿ?

2018ರಲ್ಲಿ ಕೊನೆಗೂ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದ್ವಿ. ತೆಗೆದರು, ಪರೀಕ್ಷೆಗೆ ಕಳಿಸಿದರು. ಬೇಸಲ್ ಸೆಲ್ ಕಾರ್ಸಿನೋಮ ಅಂತ ಬಂತು. ಕ್ಯಾನ್ಸರ್ ಅಂದ ಕೂಡಲೇ ಮನೆಯಲ್ಲಿ ಅಳು. ಇದು ದೇಹದ ಬೇರೆ ಕಡೆ ಹರಡೋದು ತೀರಾ ಅಪರೂಪ, ಇದ್ದಲ್ಲೇ ಮೆಲ್ಲಗೆ ತಿನ್ನುತ್ತಾ ಹೋಗುವ ಜಾತಿ ಅಂತ ಡಾಕ್ಟರು ಸಮಾಧಾನ ಮಾಡಿದರು. ರಿಪೋರ್ಟಿನ ಕೊನೆಯ ಸಾಲು, ಅಂಚುಗಳಲ್ಲಿ ಕ್ಯಾನ್ಸರ್ ಇಲ್ಲ. ಅಪ್ಪ ಕುಂದಾ ತಂದು ಓಣಿಗೆಲ್ಲ ಹಂಚಿದ.

2021ರಲ್ಲಿ ಅದು ಅದೇ ಗಾಯದ ಗೆರೆಯ ಪಕ್ಕ ವಾಪಸ್ ಬಂತು. ಈ ಸಲ ಕಣ್ಣಿನ ಕಡೆಗೆ.

ನಾನಾಗ ಹೊಸದಾಗಿ ಕೆಲಸಕ್ಕೆ ಸೇರಿ ಟೆಸ್ಟಿಂಗ್ ಟೀಮಿನಲ್ಲಿದ್ದೆ. ಲಾಕ್‌ಡೌನು, ಮನೆಯಿಂದಲೇ ಕೆಲಸ. ದಿನವಿಡೀ "ಎಲ್ಲಾ ಟೆಸ್ಟ್ ಪಾಸ್" ಅಂತ ಹಸಿರು ಗೆರೆ ನೋಡೋದು, ಮರುದಿನ ಅದೇ ಸಾಫ್ಟ್‌ವೇರು ಗ್ರಾಹಕರ ಹತ್ತಿರ ಕೈಕೊಡೋದು, ಇದು ನನಗೆ ಹೊಸದಲ್ಲ. ಆದರೆ ಆಯಿಯ ಮುಖದ ವಿಷಯದಲ್ಲಿ ಸಿಟ್ಟು ಬಂತು. ಅಂಚಿನಲ್ಲಿ ಇಲ್ಲ ಅಂದ ಮೇಲೆ ಬಂದದ್ದು ಎಲ್ಲಿಂದ? ಯಾರೋ ಸುಳ್ಳು ಬರೆದಿದ್ದಾರೆ ಅಂತ ಕೂಗಾಡಿದೆ.

ಅಕ್ಕ ಆಗ ಎಂಡಿ ಮಾಡ್ತಿದ್ದಳು. ಭಾನುವಾರ ಬೆಳಿಗ್ಗೆ, ಮನೆಯಲ್ಲಿ ಇಡ್ಲಿ. ನನ್ನ ತಟ್ಟೆಯಿಂದ ಒಂದು ಇಡ್ಲಿ ಎತ್ತಿಕೊಂಡಳು.

"ಇದು ಕತ್ತರಿಸಿ ತಗದ ತುಂಡು ಅನ್ಕೋ. ಮ್ಯಾಲಿನ ಮೈ ಚರ್ಮ. ಗುಂಡಗಿರೋ ತಳ, ಸುತ್ತಲಿನ ಕಂಠ, ಅದೆಲ್ಲಾ ಅಂಚು. ಕ್ಯಾನ್ಸರಿನ ಬೇರು ಎಲ್ಲೋ ಒಂದ್ ಕಡೆ ತಳ ದಾಟಿ ಹೋಗಿರಬಹುದು. ಲ್ಯಾಬಿನ್ಯಾಗ ಏನ್ ಮಾಡ್ತಾರ?" ಅಂತ ಚಾಕುವಿನಿಂದ ಇಡ್ಲಿಯನ್ನು ಬ್ರೆಡ್ ಹಾಗೆ ಮೇಲಿನಿಂದ ಕೆಳಕ್ಕೆ ನಾಲ್ಕು ಕಡೆ ಕೊಯ್ದಳು. "ಈ ನಾಲ್ಕ್ ಕೊಯ್ತದ ಮೈ ಅಷ್ಟ ಸೂಕ್ಷ್ಮದರ್ಶಕದಾಗ ನೋಡ್ತಾರ. ಎರಡು ಕೊಯ್ತದ ನಡುವ ಬೇರು ಹೋಗಿದ್ರ?"

ಕಾಣೋದಿಲ್ಲ. ಮಾಮೂಲಿ ಪದ್ಧತಿಯಲ್ಲಿ ನಿಜವಾಗಿ ಕಣ್ಣಿಗೆ ಬೀಳೋದು ಒಟ್ಟು ಅಂಚಿನ ಶೇಕಡಾ 1ಕ್ಕಿಂತಲೂ ಕಡಿಮೆಯಂತೆ. ಯಾರೂ ಸುಳ್ಳು ಬರೆದಿರಲಿಲ್ಲ. ನೋಡಿದ ಜಾಗದಲ್ಲಿ ಇರಲಿಲ್ಲ, ಅಷ್ಟೇ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಟೆಸ್ಟ್ ಎಲ್ಲ ಪಾಸ್, ಕವರೇಜ್ ಮಾತ್ರ ಶೇಕಡಾ 1. ಹಾಗಂತ ಆ ಪದ್ಧತಿಯೇ ದಂಡ ಅಂತಲ್ಲ. ಬೆನ್ನು, ತೋಳು ಅಂದ್ರೆ ಸುತ್ತ ಧಾರಾಳವಾಗಿ ಒಳ್ಳೆಯ ಚರ್ಮ ಸೇರಿಸಿ ತೆಗೆದುಬಿಡಬಹುದು, ಬಹುತೇಕ ಜನಕ್ಕೆ ಅದರಲ್ಲೇ ಗುಣವಾಗುತ್ತೆ. ಕಣ್ಣಿನ ಮೂಲೆಯಲ್ಲಿ ಧಾರಾಳ ಎಲ್ಲಿಂದ ತರೋದು?

ಅಕ್ಕ ಇನ್ನೊಂದು ಇಡ್ಲಿ ಎತ್ತಿಕೊಂಡಳು (ನನ್ನ ತಟ್ಟೆಯಿಂದಲೇ!). ತಳ ಮೇಲೆ ಮಾಡಿ, ಅದರ ಕಂಠವನ್ನು ಬೆರಳಿನಿಂದ ಒತ್ತಿ ಒತ್ತಿ, ಗುಂಡಗಿದ್ದ ತಳ, ಕಂಠ ಎಲ್ಲ ಒಂದೇ ಸಪಾಟು ಮೈ ಆಗುವ ಹಾಗೆ ಮಾಡಿದಳು. "ಈಗ ಈ ಮೈಯಿಂದ ಒಂದ ಒಂದು ತೆಳ್ಳನ್ನ ಪದರ ಸವರಿ ತಗದ್ರ, ಇಡೀ ಅಂಚು ಒಂದ ಗಾಜಿನ ಮ್ಯಾಲ ಬರ್ತೈತಿ. ಒಂದ್ ಕೂದಲೆಳಿ ಬೇರಿದ್ರೂ ಸಿಗಬೇಕು. ಇದಕ್ಕ ಮೊಹ್ಸ್ ಸರ್ಜರಿ ಅಂತಾರ."

*

ಮೊಹ್ಸ್ ಅಂದ್ರೆ ನಾಲ್ಕು ಶಬ್ದಗಳ ಸಂಕ್ಷಿಪ್ತ ರೂಪ ಅಂದುಕೊಂಡಿದ್ದೆ. ಅಲ್ಲ, ಅದೊಬ್ಬ ಮನುಷ್ಯನ ಹೆಸರು. ಫ್ರೆಡ್ರಿಕ್ ಮೊಹ್ಸ್, ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ 1930ರ ದಶಕದಲ್ಲಿ ಓದುತ್ತಿದ್ದ ವೈದ್ಯಕೀಯ ವಿದ್ಯಾರ್ಥಿ. ಜಿಂಕ್ ಕ್ಲೋರೈಡ್ ತಾಗಿದ ಅಂಗಾಂಶ ಸತ್ತರೂ ಅದರೊಳಗಿನ ರಚನೆ ಸೂಕ್ಷ್ಮದರ್ಶಕದಲ್ಲಿ ಇದ್ದ ಹಾಗೇ ಕಾಣುತ್ತೆ ಅನ್ನೋದನ್ನ ಪ್ರಯೋಗಶಾಲೆಯಲ್ಲಿ ಗಮನಿಸಿದ. ಅದನ್ನೇ ಲೇಪ ಮಾಡಿ ಗಡ್ಡೆಗೆ ಹಚ್ಚಿ, ಪದರ ಪದರವಾಗಿ ತೆಗೆದು, ಪ್ರತಿ ಪದರದ ಕೆಳಮೈಯನ್ನು ತಾನೇ ನೋಡಿ, ಎಲ್ಲಿ ಉಳಿದಿದೆಯೋ ಅಲ್ಲಿಗೆ ಮಾತ್ರ ಮತ್ತೆ ಲೇಪ. 1936ರಲ್ಲಿ ರೋಗಿಗಳ ಮೇಲೆ ಶುರು ಮಾಡಿದ, 1941ರಲ್ಲಿ ಪ್ರಕಟಿಸಿದ. ಒಂದೊಂದು ಪದರಕ್ಕೆ ಒಂದೊಂದು ದಿನ, ಜೊತೆಗೆ ವಿಪರೀತ ಉರಿ. 1970ರ ದಶಕದಲ್ಲಿ ಲೇಪ ಬಿಟ್ಟು, ಆ ಜಾಗಕ್ಕಷ್ಟೇ ಅರಿವಳಿಕೆ ಕೊಟ್ಟು ಹಸಿ ತುಂಡನ್ನೇ ಹೆಪ್ಪುಗಟ್ಟಿಸಿ ನೋಡುವ ಪದ್ಧತಿ ನೆಲೆಯೂರಿತು. ಈಗ ಒಂದು ಸುತ್ತಿಗೆ ಸುಮಾರು ಒಂದು ಗಂಟೆ. ರೋಗಿ ಪಟ್ಟಿ ಕಟ್ಟಿಕೊಂಡು ಹೊರಗೆ ಚಹಾ ಕುಡೀತಾ ಕೂತಿರ್ತಾರೆ, ಡಾಕ್ಟರು ಒಳಗೆ ಸ್ಲೈಡ್ ನೋಡ್ತಿರ್ತಾರೆ.

ಇಷ್ಟು ಚೆನ್ನಾಗಿದ್ರೆ ಎಲ್ಲರೂ ಯಾಕೆ ಮಾಡಲ್ಲ? ಇಲ್ಲಿಗೆ ಬಂತು ಫೆಲೋಶಿಪ್ ವಿಷಯ.

ಸಾಫ್ಟ್‌ವೇರಿನಲ್ಲಿ ಒಂದು ಅಲಿಖಿತ ನಿಯಮ ಇದೆ. ಕೋಡ್ ಬರೆದವನೇ ಅದನ್ನು ಪಾಸ್ ಮಾಡಬಾರದು. ಬರೆದವನಿಗೆ ತನ್ನ ತಪ್ಪು ಕಾಣಲ್ಲ. ಮೊಹ್ಸ್ ಪದ್ಧತಿಯಲ್ಲಿ ಇದು ತಲೆಕೆಳಗು. ಕತ್ತರಿಸಿದವರೇ ಸ್ಲೈಡ್ ನೋಡಬೇಕು. ಕೇಳಿದ ಕೂಡಲೇ ನಾನು ಹೇಳಿದೆ, "ಇದು ನಮ್ಮಲ್ಲಾಗಿದ್ರ ಆಡಿಟ್‌ನವ್ರ ಬಿಡ್ತಿರ್ಲಿಲ್ಲ."

ಅಕ್ಕ ಕೇಳಿದಳು, "ಒಬ್ಬ ಒಂದ್ ಕಟ್ಟಡದಾಗ ಕತ್ತರಸ್ತಾನ, ಹೊಲಿಗಿ ಹಾಕಿ ಮನಿಗೆ ಕಳಸ್ತಾನ. ಇನ್ನೊಬ್ಬ ಇನ್ನೊಂದ್ ಕಟ್ಟಡದಾಗ ನಾಲ್ಕ್ ದಿನ ಆದ್ಮ್ಯಾಲ ನೋಡಿ, ಒಂದ್ ಅಂಚಿನ್ಯಾಗ ಉಳದೈತಿ ಅಂತ ಬರೀತಾನ. ಯಾವ ಅಂಚು? ಮ್ಯಾಲಿಂದೋ ಕೆಳಗಿಂದೋ? ಅಷ್ಟರಾಗ ಚರ್ಮ ಜಗ್ಗಿ ಹೊಲದಾಗೈತಿ, ನಕ್ಷಾನ ಬದಲಾಗೈತಿ. ನಿಮ್ಮಲ್ಲಿ ಹಿಂಗ ಆಗೂದಿಲ್ಲೇನ?"

ಆಗುತ್ತೆ. ನಮ್ಮಲ್ಲಿ ಅರ್ಧ ಬಗ್ಗುಗಳು ಹುಟ್ಟೋದೇ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುವಾಗ. ಅದಕ್ಕೇ ಇಲ್ಲಿ ಕೈ, ಕಣ್ಣು ಎರಡೂ ಒಬ್ಬರವೇ. ತುಂಡಿನ ಅಂಚಿಗೆ ಬಣ್ಣ ಬಣ್ಣದ ಶಾಯಿ ಹಚ್ಚಿ, ಕಾಗದದ ಮೇಲೆ ಮುಖದ ನಕ್ಷೆ ಬರೆದು, ಗಡಿಯಾರದ ಮುಳ್ಳಿನ ಹಾಗೆ ಇದು ಹನ್ನೆರಡು ಗಂಟೆ, ಇದು ಮೂರು ಗಂಟೆ ಅಂತ ಗುರುತು ಮಾಡಿ, ಸ್ಲೈಡಿನಲ್ಲಿ ಕಂಡದ್ದನ್ನ ಅದೇ ನಕ್ಷೆಯಲ್ಲಿ ಕೆಂಪಾಗಿ ಬರೆದು, ವಾಪಸ್ ಹೋಗಿ ಅಲ್ಲಿ ಮಾತ್ರ ಕೊಯ್ಯೋದು.

ಎಂಡಿಯಲ್ಲಿ ಇದಕ್ಕೆ ಬೇಕಾದ ತುಣುಕುಗಳು ಮಾತ್ರ ಸಿಗುತ್ತವೆ. ಎಲ್ಲವೂ ಒಂದೇ ತಲೆಯಲ್ಲಿ ಕೂರೋಕೆ ಬೇರೆ ಸಮಯ ಬೇಕು. ಅಮೆರಿಕದಲ್ಲಿ ಚರ್ಮರೋಗದ ರೆಸಿಡೆನ್ಸಿ ಮುಗಿದ ಮೇಲೆ ಒಂದು ವರ್ಷದ ಫೆಲೋಶಿಪ್ ಇದೆ. 2003ರಿಂದ ಅಲ್ಲಿನ ವೈದ್ಯ ತರಬೇತಿಗೆ ಮಾನ್ಯತೆ ಕೊಡುವ ಮಂಡಳಿ ಇದನ್ನೂ ತನ್ನ ಅಡಿಗೆ ತಂದಿತು. 2018ರಲ್ಲಿ ಪ್ರತ್ಯೇಕ ಉಪವಿಭಾಗ ಅಂತ ಒಪ್ಪಿಗೆ ಸಿಕ್ಕಿ 2021ರಲ್ಲಿ ಮೊದಲ ಪರೀಕ್ಷೆ ನಡೆಯಿತು. ಅದಕ್ಕೆ ಅಲ್ಲಿನ ಚರ್ಮವೈದ್ಯರಲ್ಲೇ ಕೆಲವರ ವಿರೋಧವೂ ಇತ್ತು, ಫೆಲೋಶಿಪ್ ಇಲ್ಲದೆ ವರ್ಷಗಟ್ಟಲೆ ಈ ಕೆಲಸ ಮಾಡಿದವರು ಇದ್ದರಲ್ಲ. ನಮ್ಮ ರಾಜ್ಯದಲ್ಲೂ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಅಡಿ ಎಂಡಿ ಮುಗಿಸಿದವರಿಗೆ ಡರ್ಮಟೋಸರ್ಜರಿ ಫೆಲೋಶಿಪ್ ಇದೆ. ಅಕ್ಕ ಮೊದಲು ಆ ದಾರಿ ಹಿಡಿಯೋದು, ಆಮೇಲೆ ಮೊಹ್ಸ್ ಹೆಚ್ಚಾಗಿ ನಡೆಯೋ ಕಡೆ ಹೋಗಿ ಕಲಿಯೋದು ಅಂತ ಲೆಕ್ಕ ಹಾಕಿದ್ದಾಳೆ.

"ಆ ವರ್ಷದಾಗ ಕಲಿಯೂದ ಏನ್ ಗೊತ್ತೈತೇನ? ಮುಂಜಾನೆ ನೀನ ಕೊಯ್ದಿರ್ತಿ. ಒಂದ ತಾಸಿನ್ಯಾಗ ನಿನ್ನ ತಪ್ಪು ನಿನ್ನ ಕಣ್ಣ ಮುಂದ ಗಾಜಿನ ಮ್ಯಾಲ ಬರ್ತೈತಿ. ದಿನಾ. ಕಲಿಸೋರು ಅದ ಸ್ಲೈಡ್ ನೋಡ್ತಾ ಬಾಜೂಕ ಕೂತಿರ್ತಾರ. ತಪ್ಪಿಸಿಕೊಳ್ಳಾಕ ಜಾಗಾನ ಇಲ್ಲ." ಇದರ ಜೊತೆಗೆ ಆದ ಹೊಂಡವನ್ನ ಮುಚ್ಚೋದು, ಹಣೆಯ ಚರ್ಮ ಜಾರಿಸಿ ಮೂಗಿಗೆ ತರೋದು, ಯಾವುದನ್ನ ತಾನು ಮುಟ್ಟದೆ ದೊಡ್ಡ ಕ್ಯಾನ್ಸರ್ ಆಸ್ಪತ್ರೆಗೆ ಕಳಿಸಬೇಕು ಅನ್ನೋದು. ಕೊನೆಯದೇ ಕಷ್ಟದ್ದಂತೆ.

ಇದರಿಂದ ಉಪಯೋಗ ಎಷ್ಟು? ನೆದರ್ಲೆಂಡ್ಸಿನಲ್ಲಿ ಮುಖದ ಬೇಸಲ್ ಸೆಲ್ ಕ್ಯಾನ್ಸರ್ ಇದ್ದವರನ್ನ ಎರಡು ಗುಂಪು ಮಾಡಿ, ಒಂದಕ್ಕೆ ಮಾಮೂಲಿ ಸರ್ಜರಿ, ಇನ್ನೊಂದಕ್ಕೆ ಮೊಹ್ಸ್ ಮಾಡಿ ಹತ್ತು ವರ್ಷ ಹಿಂಬಾಲಿಸಿದ್ರು. ಫಲಿತಾಂಶ 2014ರಲ್ಲಿ ಬಂತು. ಮೊದಲ ಸಲದ ಗಡ್ಡೆಗಳಲ್ಲಿ ಮರುಕಳಿಸಿದ್ದು ಮಾಮೂಲಿಯಲ್ಲಿ ಶೇಕಡಾ 12.2, ಮೊಹ್ಸ್‌ನಲ್ಲಿ 4.4. ಒಮ್ಮೆ ಬಂದು ವಾಪಸ್ ಬಂದವುಗಳಲ್ಲಿ, ಅಂದ್ರೆ ನಮ್ಮ ಆಯಿಯಂಥವರಲ್ಲಿ, 13.5ಕ್ಕೆ 3.9.

*

ದೀಪಾವಳಿಯ ಊಟಕ್ಕೆ ವಾಪಸ್ ಬರೋಣ. ಕಾಕಾನ ಪ್ರಶ್ನೆ ತಪ್ಪೇನಲ್ಲ. ನಮ್ಮ ಚರ್ಮದ ಬಣ್ಣವೇ ನಮಗೆ ಕೊಡೆ. ಬಿಳಿಯರ ದೇಶಗಳಿಗೆ ಹೋಲಿಸಿದರೆ ಭಾರತದಲ್ಲಿ ಚರ್ಮದ ಕ್ಯಾನ್ಸರ್ ತುಂಬಾ ಕಡಿಮೆ. ಮೊಡವೆ, ಕೂದಲು ಉದುರೋದು, ಮುಖ ಬೆಳ್ಳಗಾಗೋದು, ಇವಕ್ಕೆ ಸಾಲು ಸಾಲು ಜನ. ಕಾಕಾ ಸಾಲ ಮಾಡಿ ಓದಿಸಿದವನು, ಅವನ ಲೆಕ್ಕ ಅವನಿಗೆ.

ಅಕ್ಕ ಹೇಳಿದ್ದು ಇಷ್ಟು. ಕಡಿಮೆ ಇದೆ ಅಂತಲೇ ನಮ್ಮ ಕಣ್ಣಿಗೆ ಅಭ್ಯಾಸ ಇಲ್ಲ. ಅಭ್ಯಾಸ ಇಲ್ಲ ಅಂತಲೇ ತಡವಾಗುತ್ತೆ. ಜೊತೆಗೆ ನಮ್ಮವು ಪುಸ್ತಕದ ಚಿತ್ರದಲ್ಲಿ ಇರೋ ಹಾಗೆ ಇರಲ್ಲ. ಬೇಸಲ್ ಸೆಲ್ ಬಿಳಿಯರಲ್ಲಿ ಮುತ್ತಿನ ಹಾಗೆ ಗುಲಾಬಿ, ನಮ್ಮಲ್ಲಿ ಹೆಚ್ಚಾಗಿ ಕಪ್ಪು, ಮಚ್ಚೆಯ ವೇಷ. ಮೆಲನೋಮಾ ನಮ್ಮಂಥ ಬಣ್ಣದವರಿಗೆ ಬಂದರೆ ಹೆಚ್ಚಾಗಿ ಅಂಗಾಲು, ಅಂಗೈ, ಉಗುರಿನ ಅಡಿ. ಬಿಸಿಲು ತಾಕದ ಜಾಗ! ಹಾಡುಗಾರ ಬಾಬ್ ಮಾರ್ಲಿಗೆ ಕಾಲ್ಬೆರಳಿನ ಉಗುರಿನ ಅಡಿ ಬಂದದ್ದು ಅದೇ. 1981ರಲ್ಲಿ ತೀರಿಕೊಂಡಾಗ ಅವನಿಗೆ 36 ವರ್ಷ. ಹಳೇ ಸುಟ್ಟ ಗಾಯದ ಕಲೆಯಲ್ಲಿ, ಕುಷ್ಠದಿಂದ ಸ್ಪರ್ಶ ಹೋದ ಪಾದದ ಮಾಯದ ಹುಣ್ಣಿನಲ್ಲಿ ಹುಟ್ಟೋದು ಇನ್ನೊಂದು ಜಾತಿ. ಧೋತರ ಬಿಗಿಯಾಗಿ ಕಟ್ಟಿ ಕಟ್ಟಿ ಸೊಂಟದಲ್ಲಿ ಆಗೋ ಕ್ಯಾನ್ಸರನ್ನ ವಿ. ಆರ್. ಖಾನೋಲ್ಕರ್ ಮತ್ತು ಸೂರ್ಯಾಬಾಯಿ 1945ರಲ್ಲೇ ಬರೆದಿಟ್ಟಿದ್ದಾರಂತೆ.

ಇದಕ್ಕೆ ನನಗೂ ಒಂದು ನೆನಪಾಯ್ತು. 2024ರ ನವೆಂಬರಿನಲ್ಲಿ ಬಿಎಂಜೆ ಕೇಸ್ ರಿಪೋರ್ಟ್ಸ್‌ನಲ್ಲಿ ಇಬ್ಬರು ಹೆಂಗಸರ ವಿಷಯ ಬಂದಿತ್ತು. ಪತ್ರಿಕೆಗಳಲ್ಲೆಲ್ಲ ಪೆಟಿಕೋಟ್ ಕ್ಯಾನ್ಸರ್ ಅಂತ ಸುದ್ದಿ. ಒಬ್ಬರಿಗೆ 70 ವರ್ಷ, ಸೊಂಟದ ಪಕ್ಕ ಒಂದೂವರೆ ವರ್ಷದಿಂದ ಮಾಯದ ಹುಣ್ಣು. ಇನ್ನೊಬ್ಬರು 40 ವರ್ಷ ಲುಗಡಾ ಬಿಗಿಯಾಗಿ ಉಟ್ಟವರು, ಅವರದ್ದು ತೊಡೆಸಂದಿನ ಗ್ರಂಥಿಗೂ ಹೋಗಿತ್ತು. ಬರೆದವರಲ್ಲಿ ಜವಾಹರಲಾಲ್ ನೆಹರೂ ಮೆಡಿಕಲ್ ಕಾಲೇಜಿನವರು ಅಂತ ಇದ್ದದ್ದಕ್ಕೆ ನಮ್ಮ ಮನೆಯ ವಾಟ್ಸಾಪ್ ಗುಂಪಿನಲ್ಲಿ ಎಲ್ಲರೂ "ನಮ್ಮ ಬೆಳಗಾವಿಂದ ಐತಿ" ಅಂತ ಹೌಹಾರಿದ್ದರು. ಅದು ವಾರ್ಧಾದ ಕಾಲೇಜು, ಹೆಸರು ಮಾತ್ರ ಒಂದೇ. ನಕ್ಕು ಮರೆತುಬಿಟ್ಟಿದ್ವಿ.

"ಇವಕ್ಕೆಲ್ಲಾ ಮೊಹ್ಸ್ ಬೇಕಂತೇನಿಲ್ಲ" ಅಂದಳು ಅಕ್ಕ. "ಸೊಂಟದಾಗ, ಕಾಲಾಗ ಅಗಲ ಕೊಯ್ದು ತಗೀಬಹುದು. ಆದ್ರ ಇದು ಹುಣ್ಣಲ್ಲ, ತುಂಡು ತಗದು ಪರೀಕ್ಷಾ ಮಾಡಬೇಕು ಅಂತ ಮೊದಲ್ನೇ ದಿನ ಗೊತ್ತಾಗ್ಬೇಕಲ್ಲಾ."

"ಮತ್ತ ಆ ಹೆಪ್ಪುಗಟ್ಟಸೂ ಮಷೀನ್? ಅದನ್ನ ಯಾರ್ ಕೊಡಸ್ತಾರ?" ಕಾಕಾ ಬಿಡಲಿಲ್ಲ.

ಅದಕ್ಕೂ ಅವಳ ಹತ್ತಿರ ಉತ್ತರ ಇತ್ತು. ನಿಧಾನದ ಮೊಹ್ಸ್ ಅಂತ ಒಂದಿದೆ. ತುಂಡನ್ನ ಅದೇ ಇಡ್ಲಿ ಲೆಕ್ಕದಲ್ಲಿ ಸಪಾಟು ಮಾಡಿ, ಮಾಮೂಲಿ ಲ್ಯಾಬಿನ ಮೇಣದ ಪದ್ಧತಿಯಲ್ಲೇ ಸ್ಲೈಡ್ ಮಾಡೋದು. ಒಂದು ಗಂಟೆ ಬದಲು ಒಂದೆರಡು ದಿನ. ಅಲ್ಲಿಯವರೆಗೆ ಹೊಲಿಗೆ ಹಾಕದೆ ಪಟ್ಟಿ ಕಟ್ಟಿರೋದು. ಮಷೀನ್ ಇಲ್ಲದ ಊರಿಗೂ ಆಗುತ್ತೆ. ಬೇಕಾದ್ದು ಇಡ್ಲಿ ಒತ್ತಲು ಗೊತ್ತಿರೋ ಒಬ್ಬ ಲ್ಯಾಬಿನವರು, ನೋಡಲು ಗೊತ್ತಿರೋ ಒಬ್ಬ ಡಾಕ್ಟರು.

*

ಮರುದಿನ ಸಂಜೆ ಅಕ್ಕ, ನಾನು ಹೊಲದ ಕಡೆ ಹೋಗಿದ್ವಿ. ಚಿಕ್ಕವರಿದ್ದಾಗಿನ ಹಾಗೆ ಬದುವಿನ ಮೇಲೆ ಕೂತು ಬೆಂಗಳೂರಿನ ವಿಮಾನ ಇಳಿಯೋದನ್ನ ಕಾಯ್ತಾ ಇದ್ವಿ. ನಾನು ಸುಮ್ಮನೆ ಕೇಳಿದೆ, "ನಿಜಾ ಹೇಳು, ಯಾಕ್ ಇಷ್ಟ್ ಹಟ?"

ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "2016ರಾಗ ನಾ ಕಡೇ ವರ್ಷದಾಗಿದ್ದೆ. ದಸರಾ ರಜಾಕ್ಕ ಬಂದಾಗ ಆಯಿ ನನ್ನ ಮುಂದ ಮುಖಾ ಹಿಡದು, ಇದೇನ ನೋಡ ಡಾಕ್ಟ್ರ, ಅಂದಿದ್ಲು. ನಾ ಟಾರ್ಚ್ ಹಾಕಿ ನೋಡಿ, ಮಚ್ಚೆ ಆಯಿ, ಏನಾಗಂಗಿಲ್ಲ ಅಂದಿದ್ದೆ. ಆಕಿ ಎರಡ್ ವರ್ಷ ಯಾರಿಗೂ ತೋರಸ್ಲಿಲ್ಲ. ಯಾಕಂದ್ರ ಮನಿ ಡಾಕ್ಟ್ರ ಹೇಳಿದ್ಲಲ್ಲ."

ನನಗೆ ಇದು ಗೊತ್ತಿರಲಿಲ್ಲ. ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಆಯಿಗೆ ಗೊತ್ತು, ಅವಳು ಹೇಳಿಲ್ಲ.

2021ರಲ್ಲಿ ಆಯಿಗೆ ಬೇರೆ ಊರಿನ ಆಸ್ಪತ್ರೆಯಲ್ಲಿ ದೊಡ್ಡ ಆಪರೇಷನ್ ಆಯ್ತು. ಮೂಗಿನ ಪಕ್ಕ, ಕೆಳರೆಪ್ಪೆಯ ಒಂದು ತುಂಡು ತೆಗೆದು ಹಣೆಯ ಚರ್ಮ ತಂದು ಮುಚ್ಚಿದರು. ಕಣ್ಣು ಉಳೀತು. ಬಲ ರೆಪ್ಪೆ ಸ್ವಲ್ಪ ಕೆಳಕ್ಕೆ ಜಗ್ಗಿದ ಹಾಗಿದೆ, ಆ ಕಣ್ಣಲ್ಲಿ ಸದಾ ನೀರು. ಇಲ್ಲಿಯವರೆಗೆ ವಾಪಸ್ ಬಂದಿಲ್ಲ. ಕನ್ನಡಿ ಕೊಟ್ಟಾಗ ಆಯಿ ನೋಡಿಕೊಂಡು ಹೇಳಿದ್ದು ಒಂದೇ ಮಾತು, "ಬೊಟ್ಟು ಹೋತು, ದೃಷ್ಟಿ ಉಳೀತಲ್ಲ, ಸಾಕು."

ಮೊದಲೇ ಗೊತ್ತಾಗಿದ್ರೆ ಅದು ಎಳ್ಳಿನಷ್ಟು ಇತ್ತು. ಅಕ್ಕ ಹಾಗಂತ ಹೇಳಲಿಲ್ಲ. ಬೆರಳಿನಿಂದ ಬದುವಿನ ಮಣ್ಣು ಕೆರೀತಾ ಕೂತಿದ್ದಳು. ನನಗೂ ಏನು ಹೇಳಬೇಕೋ ತಿಳೀಲಿಲ್ಲ. ವಿದ್ಯಾರ್ಥಿಯಾಗಿದ್ದಾಗ ಕೆಲವೇ ದಿನ ಚರ್ಮದ ವಿಭಾಗ ನೋಡಿದವಳಿಗೆ ಕಪ್ಪು ಬೇಸಲ್ ಸೆಲ್ ಗೊತ್ತಾಗಬೇಕಿತ್ತಾ? ಪ್ರಾಯಶಃ ಇಲ್ಲ. ಆದರೆ "ಪ್ರಾಯಶಃ ಇಲ್ಲ" ಅನ್ನೋದರಿಂದ ಯಾರಿಗೂ ರಾತ್ರಿ ನಿದ್ದೆ ಬರಲ್ಲ ಅಂತ ನನಗೂ ಗೊತ್ತು. ಅಷ್ಟರಲ್ಲಿ ವಿಮಾನ ಬಂತು, ತಲೆ ಮೇಲೇ ಹೋಯ್ತು, ಮಾತು ಅಲ್ಲಿಗೇ ನಿಂತಿತು.

ಮನೆಗೆ ಬಂದರೆ ಕಾಕಾ ಇನ್ನೂ ಗೊಣಗ್ತಾ ಇದ್ದ. "ಒಂದ್ ವರ್ಷ ಅಂತಾಳ, ಅದಾದ್ಮ್ಯಾಲ ಇನ್ನೊಂದ್ ಅಂತಾಳ..." ಆಯಿ ಒಳಗಿನಿಂದಲೇ ಕೂಗಿದಳು, "ಹೋಗ್ಲಿ ಬಿಡೋ. ನನ್ನ ಮೂಗಿನ ಮ್ಯಾಲ ಕಲ್ತದ್ದ ಪೂರಾ ಆಗಿಲ್ಲ ಆಕೀಗೆ." ಅಕ್ಕ ತಲೆ ತಗ್ಗಿಸಿದಳು. ಆಯಿ ಅವಳನ್ನೇ ನೋಡ್ತಾ ಇದ್ದಳು, ಒಂದು ಕಣ್ಣಿನಿಂದ ನೀರು ಸುರೀತಿತ್ತು. ಅದು ಯಾವಾಗಲೂ ಸುರಿಯೋದೇ, ಆದ್ದರಿಂದ ಅಳ್ತಿದ್ದಳೋ ಇಲ್ಲವೋ ಗೊತ್ತಾಗಲಿಲ್ಲ.

ಕಾಕಾ ಕ್ಲಿನಿಕ್ಕಿನ ಜಾಗ ನೋಡೋದನ್ನ ಒಂದು ವರ್ಷ ಮುಂದಕ್ಕೆ ಹಾಕಿದ್ದಾನೆ. ಬಾಡಿಗೆ ಏರುತ್ತೆ ಅಂತ ಬೈಯೋದನ್ನ ಬಿಟ್ಟಿಲ್ಲ :)

ಬೆಂಗಳೂರಿಗೆ ಹೊರಡೋ ಹಿಂದಿನ ರಾತ್ರಿ ಅವ್ವನಿಗೆ ಕೇಳಿದೆ, "ಪರಕರದ ಲಾಡಿ ಕಟ್ಟೋ ಜಾಗದಾಗ ಕಲೆ ಐತೇನು?" "ಏನ್ ಪ್ರಶ್ನಿ ಕೇಳ್ತೀಯೋ ಮೂರ್ಖಾ!" ಅಂತ ಒಂದು ಏಟು ಬಿತ್ತು. ಅಕ್ಕ ಅವಳನ್ನ ಒಳಗೆ ಕರ್ಕೊಂಡು ಹೋಗಿ ನೋಡಿದಳು. ಬರೀ ಕಪ್ಪಾಗಿದೆ, ಹುಣ್ಣಿಲ್ಲ. ತೆಳ್ಳನೆ ಲಾಡಿ ಬದಲು ಅಗಲ ಪಟ್ಟಿ ಹೊಲಿಸಿಕೋ, ಸಡಿಲ ಕಟ್ಟು ಅಂತ ಹೇಳಿದ್ದಾಳೆ. ಅವ್ವ ಹೊಲಿಸಿಕೊಂಡಿದ್ದಾಳಾ ಅಂತ ಪ್ರತಿ ಭಾನುವಾರ ಫೋನಿನಲ್ಲಿ ಕೇಳ್ತೀನಿ. ಇವತ್ತೂ ಕೇಳಿದೆ. "ಟೇಲರ್ ಊರಾಗಿಲ್ಲ" ಅಂದಳು.

ನಿಮ್ಮ ಮನೆಯಲ್ಲೂ ಒಂದು ದೃಷ್ಟಿಬೊಟ್ಟು ಇರಬಹುದು. ರಕ್ತ ಬಂದು, ಒಣಗಿ, ಮತ್ತೆ ರಕ್ತ ಬರ್ತಿದ್ರೆ ನಕ್ಕು ಸುಮ್ಮನಾಗಬೇಡಿ. ಮನೆ ಡಾಕ್ಟರು ಮಚ್ಚೆ ಅಂದಿದ್ರೂ ಸರಿ, ಇನ್ನೊಮ್ಮೆ ತೋರಿಸಿ.